ಹದಿನೇಳೆಂಟ್ಲೆ ಎಷ್ಟು?

ನಮ್ಮ ಮನೆಯ ನಡುಮನೆ ಗೋಡೆಯ ಮೇಲೆ ಒಂದು ಫೋಟೋ ಇದೆ. ಅದರಲ್ಲಿ ಇಬ್ಬರು ಮುದುಕರು ನಿಂತಿದ್ದಾರೆ. ಇಬ್ಬರಿಗೂ ಮಂಕಿ ಕ್ಯಾಪು, ಕುತ್ತಿಗೆಗೆ ಮಫ್ಲರು, ಕೈಯಲ್ಲಿ ಒಂದೊಂದು ದೊಣ್ಣೆ. ಕಾಲ ಕೆಳಗೆಲ್ಲ ಬೆಳ್ಳಗೆ ಏನೋ ಹರಡಿಕೊಂಡಿದೆ. ಹೋದ ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಅದನ್ನು ತುಂಬಾ ಹೊತ್ತು ನೋಡಿ, "ತಾತ, ಇಷ್ಟೊಂದು ಉಪ್ಪು ಯಾರು ಚೆಲ್ಲಿದ್ದು?" ಎಂದು ಕೇಳಿದಳು.

"ಉಪ್ಪಲ್ಲ ಕಂದ, ಹಿಮ. ಹಿಮಾಲಯದ ಹಿಮ."

"ಹಾಗಾದ್ರೆ ಬೆಟ್ಟದ ತುದೀಗೆ ಹೋಗಿದ್ರಾ?"

ನಾನು ಕನ್ನಡಕ ಒರೆಸುವ ನೆಪ ಮಾಡಿಕೊಂಡು ಒಳಗೆ ಹೋದೆ. ಅಲ್ಲೇ ಕಾಫಿ ಕುಡಿಯುತ್ತಾ ಕೂತಿದ್ದ ಮೇಷ್ಟ್ರು, ಫೋಟೋದಲ್ಲಿರುವ ಇನ್ನೊಬ್ಬ ಮುದುಕರು, ಏನೂ ಹೇಳದೆ ಮೀಸೆಯಲ್ಲೇ ನಕ್ಕರು. ಆದರೆ ಹತ್ತು ವರ್ಷದ ಮಕ್ಕಳು ಒಮ್ಮೆ ಪ್ರಶ್ನೆ ಕೇಳಿದರೆ ಬಿಡುವುದುಂಟೆ? ರಾತ್ರಿ ಊಟ ಮುಗಿದ ಮೇಲೆ ಜಗಲಿಯಲ್ಲಿ ಕೂರಿಸಿಕೊಂಡು ಅವಳಿಗೆ ಎಲ್ಲವನ್ನೂ ಹೇಳಬೇಕಾಯಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ.

ನಮ್ಮೂರು ಬೀಚನಹಳ್ಳಿ. ಹೆಗ್ಗಡದೇವನಕೋಟೆ ತಾಲ್ಲೂಕು. ಕಬಿನಿ ಅಣೆಕಟ್ಟು ಎಂದರೆ ಎಲ್ಲರಿಗೂ ಗೊತ್ತು. ಅದು ಇರುವುದು ನಮ್ಮೂರಲ್ಲೇ. ಅದು ಕಟ್ಟಿ ಮುಗಿದದ್ದು 1974ರಲ್ಲಿ. ಜಲಾಶಯದ ಪೂರ್ಣ ಮಟ್ಟ 2284 ಅಡಿ. ಮಳೆಗಾಲ ಬಂತೆಂದರೆ ನಮ್ಮೂರಿನಲ್ಲಿ ಚಿಕ್ಕ ಮಕ್ಕಳಿಗೂ ಈ ಸಂಖ್ಯೆ ಬಾಯಿಪಾಠ. ಇವತ್ತು ಎಷ್ಟು ಅಡಿ, ಇನ್ನೆಷ್ಟು ಬಾಕಿ ಎಂಬುದೇ ಟೀ ಅಂಗಡಿಯ ಮಾತು. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತಾರು ವರ್ಷ ಲೆಕ್ಕ ಬರೆದ ನನಗೆ, ಎತ್ತರವನ್ನು ಅಡಿಯಲ್ಲಿ ಲೆಕ್ಕ ಹಾಕುವ ಚಟ ಹತ್ತಿದ್ದು ಇದೇ ಅಣೆಕಟ್ಟಿನಿಂದ ಇರಬೇಕು.

ಮೇಷ್ಟ್ರೂ ನಾನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಇಬ್ಬರದೂ ಏಕವಚನದ ಸ್ನೇಹ. ಆದರೆ ಮೂವತ್ತನಾಲ್ಕು ವರ್ಷ ಸಮಾಜ ಪಾಠ ಮಾಡಿದ ಅವರು ಊರಿಗೆಲ್ಲ ಮೇಷ್ಟ್ರು. ಆದ್ದರಿಂದ ಇಲ್ಲಿಯೂ ಹಾಗೇ ಕರೆಯುತ್ತೇನೆ.

ಹೈಸ್ಕೂಲಿನಲ್ಲಿದ್ದಾಗ ನಮ್ಮನ್ನು ಒಮ್ಮೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಗುಂಡ್ಲುಪೇಟೆಯ ಆಚೆ, ಬಂಡೀಪುರದ ಕಾಡಿನಲ್ಲಿರುವ ಬೆಟ್ಟ. 1454 ಮೀಟರ್ ಎತ್ತರ, ಅಂದರೆ ಸುಮಾರು 4770 ಅಡಿ. ಹೆಸರಿನಲ್ಲೇ 'ಹಿಮ' ಇದೆಯಲ್ಲ, ಅಲ್ಲಿ ಐಸ್ ಕ್ಯಾಂಡಿಯ ಹಾಗೆ ಹಿಮ ಬಿದ್ದಿರುತ್ತದೆ, ಬೇಕಾದಷ್ಟು ತಿನ್ನಬಹುದು ಎಂದು ನಾವು ನಂಬಿದ್ದೆವು. ನಮ್ಮ ಮೇಷ್ಟ್ರು ಮನೆಯಿಂದ ಒಂದು ಸ್ಟೀಲ್ ಡಬ್ಬಿಯನ್ನೇ ತಂದಿದ್ದರು, ಹಿಮ ತುಂಬಿಕೊಂಡು ಬಂದು ಅವ್ವನಿಗೆ ತೋರಿಸಲು! ಮೇಲೆ ಹೋಗಿ ನೋಡಿದರೆ ಮಂಜು ಮಾತ್ರ. ಪಕ್ಕದಲ್ಲಿದ್ದವನ ಮುಖ ಕಾಣದಷ್ಟು ಮಂಜು. ಡಬ್ಬಿಯನ್ನು ಗಾಳಿಯಲ್ಲಿ ಆಡಿಸಿ, ಮುಚ್ಚಳ ಮುಚ್ಚಿ, ಊರಿಗೆ ತಂದು ತೆಗೆದರು. ಒಳಗೆ ಎರಡು ಹನಿ ನೀರೂ ಇರಲಿಲ್ಲ. ಅವತ್ತು ಸಂಜೆ ಹೊಳೆ ದಂಡೆಯಲ್ಲಿ ಕೂತು, "ಒಂದಿನ ನಿಜವಾದ ಹಿಮದ ಬೆಟ್ಟ ಹತ್ತೇ ಹತ್ತುತೀನಿ ಕಣೋ" ಎಂದಿದ್ದರು.

ಆ 'ಒಂದಿನ' ಬಂದದ್ದು ಇಬ್ಬರಿಗೂ ಅರವತ್ತೇಳು ತುಂಬಿದ ಮೇಲೆ. ಅಷ್ಟರಲ್ಲಿ ಮೇಷ್ಟ್ರು ಅದೆಷ್ಟು ಸಾವಿರ ಮಕ್ಕಳಿಗೆ ಬೋರ್ಡಿನ ಮೇಲೆ ಬಿಳಿ ಸೀಮೆಸುಣ್ಣದಿಂದ ಹಿಮಾಲಯ ಬರೆದು ತೋರಿಸಿದ್ದರೋ! ಒಂದು ಸಲವೂ ಹಿಮವನ್ನು ಮುಟ್ಟಿರಲಿಲ್ಲ. ಮಕ್ಕಳ ಮದುವೆ, ಮನೆ ಸಾಲ ಎಲ್ಲ ತೀರಿದ ಮೇಲೆ ಒಂದು ದಿನ ಬಂದು, "ಇನ್ನು ತಡ ಮಾಡಿದ್ರೆ ಮಂಡಿ ಕೇಳಲ್ಲ ಕಣಯ್ಯಾ" ಎಂದರು. ಹುಡುಕಿ ಹುಡುಕಿ ಆರಿಸಿದ್ದು ಉತ್ತರಾಖಂಡದ ತುಂಗನಾಥ ಮತ್ತು ಅದರ ಮೇಲಿನ ಚಂದ್ರಶಿಲಾ. ಒಂದೇ ದಿನದಲ್ಲಿ ಹತ್ತಿ ಇಳಿಯಬಹುದು, ಬಹುಪಾಲು ಕಲ್ಲು ಹಾಸಿದ ದಾರಿ, ಹಗ್ಗ ಗಿಗ್ಗ ಬೇಕಿಲ್ಲ. ಪಂಚ ಕೇದಾರಗಳಲ್ಲಿ ತುಂಗನಾಥ ಒಂದು. ಅವುಗಳಲ್ಲೇ ಅತಿ ಎತ್ತರದ್ದು, ಸುಮಾರು 12,000 ಅಡಿ. ಚಂದ್ರಶಿಲಾ ಇನ್ನೂ ಒಂದು ಸಾವಿರ ಅಡಿ ಮೇಲೆ. ಚಳಿಗಾಲದಲ್ಲಿ ಹಿಮ ಮುಚ್ಚಿಕೊಳ್ಳುವುದರಿಂದ ತುಂಗನಾಥನ ಉತ್ಸವಮೂರ್ತಿಯನ್ನು ಕೆಳಗಿನ ಮಕ್ಕೂಮಠಕ್ಕೆ ಕರೆತರುತ್ತಾರೆ. ಬೇಸಿಗೆಗೆ ಬಾಗಿಲು ತೆರೆದ ಹೊಸದರಲ್ಲಿ ಹೋದರೆ ಮೇಲುಗಡೆ ಇನ್ನೂ ಹಿಮ ಉಳಿದಿರುತ್ತದೆ ಎಂದು ಹೋಗಿ ಬಂದವರು ಹೇಳಿದರು.

ಮೂರು ತಿಂಗಳು ತಾಲೀಮು ನಡೆಯಿತು. ದಿನಾ ಬೆಳಿಗ್ಗೆ ನಾಲೆ ಏರಿಯ ಮೇಲೆ ಐದು ಕಿಲೋಮೀಟರ್. ಹದಿನೈದು ದಿನಕ್ಕೊಮ್ಮೆ ಮೈಸೂರಿಗೆ ಹೋಗಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು. ಡಾಕ್ಟರು ಪರೀಕ್ಷೆ ಮಾಡಿ ಇಬ್ಬರಿಗೂ ಸೈ ಎಂದರು. ನಮ್ಮ ಮನೆಯವರು ಮಾತ್ರ ಕೋಡುಬಳೆ ಕಟ್ಟಿಕೊಡುತ್ತಾ, "ಬೆಟ್ಟದಲ್ಲಿ ಹಟ ಮಾಡಬೇಡಿ" ಎಂದು ಒಂದೇ ಮಾತು ಹೇಳಿದರು. ನಲವತ್ತು ವರ್ಷ ಸಂಸಾರ ಮಾಡಿದವರಿಗೆ ನನ್ನ ಗುಣ ಗೊತ್ತಿರುವುದಿಲ್ಲವೇ?

ಮೇ ತಿಂಗಳ ಮೊದಲ ವಾರ. ನಮ್ಮಲ್ಲಿ ಹಿನ್ನೀರು ಇಳಿದು, ದಂಡೆಯ ಹುಲ್ಲು ಮೇಯಲು ಆನೆಗಳು ಹಿಂಡು ಹಿಂಡಾಗಿ ಬರುವ ಕಡು ಬೇಸಿಗೆ. ರೈಲಿನಲ್ಲಿ ದೆಹಲಿ, ಅಲ್ಲಿಂದ ಹೃಷಿಕೇಶ. ಹೃಷಿಕೇಶದಿಂದ ಬೆಳಗಿನ ಜಾವ ಜೀಪು ಹಿಡಿದೆವು. ದೇವಪ್ರಯಾಗದಲ್ಲಿ ಅಲಕನಂದೆ ಮತ್ತು ಭಾಗೀರಥಿ ಸೇರಿ ಗಂಗೆಯಾಗುವುದನ್ನು ನೋಡಿ ಮೇಷ್ಟ್ರು, "ನಮ್ಮ ಕಬಿನಿ ತಿರುಮಕೂಡಲಿನಲ್ಲಿ ಕಾವೇರಿ ಸೇರೋ ಹಾಗೇ ಕಣಯ್ಯಾ" ಎಂದು ಜೀಪಿನವನಿಗೂ ಕನ್ನಡದಲ್ಲೇ ವಿವರಿಸಿದರು. ರುದ್ರಪ್ರಯಾಗ ದಾಟಿ ಊಖೀಮಠ. ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯುವ ಊರು ಅದು. ಕೇದಾರದ ರಾವಲರು, ಅಂದರೆ ಪ್ರಧಾನ ಅರ್ಚಕರು, ಪರಂಪರೆಯಿಂದ ನಮ್ಮ ಕರ್ನಾಟಕದ ವೀರಶೈವ ಜಂಗಮರು ಎಂಬುದು ನಿಮಗೆ ಗೊತ್ತಿತ್ತೆ ಮಕ್ಕಳೇ? ಅಷ್ಟು ದೂರದಲ್ಲಿ ಅದನ್ನು ಕೇಳಿ ನೆಂಟರ ಮನೆಗೆ ಬಂದ ಹಾಗಾಯಿತು. ಸಂಜೆಗೆ ಚೋಪ್ತಾ. ಎತ್ತರ ಸುಮಾರು 8,800 ಅಡಿ.

ಆ ರಾತ್ರಿಯೇ ನನಗೆ ತಲೆನೋವು ಶುರುವಾಯಿತು.

ಹಣೆಯ ಎರಡೂ ಬದಿಗೆ ಯಾರೋ ಇಕ್ಕಳ ಹಾಕಿ ಹಿಡಿದ ಹಾಗೆ. ನಿದ್ದೆ ಬರಲಿಲ್ಲ. ಬೆಳಿಗ್ಗೆ ಮೇಷ್ಟ್ರು, "ಮುಖ ಯಾಕೋ ಬಾಡಿದೆಯಲ್ಲ, ತಲೆ ನೋಯ್ತಾ ಇದೆಯಾ?" ಎಂದು ಕೇಳಿದರು. ಅವರ ಮುಖ ನೋಡಿದೆ. ಬೆಳಗಿನ ನಾಲ್ಕು ಗಂಟೆಗೇ ಎದ್ದು, ಟೋಪಿ ಹಾಕಿಕೊಂಡು, ಜಾತ್ರೆಗೆ ಹೊರಟ ಹುಡುಗನ ಹಾಗೆ ಕೂತಿದ್ದರು. "ಇಲ್ಲಪ್ಪ, ಚಳಿಗೆ ಅಷ್ಟೇ" ಎಂದೆ. ಇದು ಮೊದಲನೆಯ ಸುಳ್ಳು. ತಿಂಡಿಗೆ ಪರೋಟ ಕೊಟ್ಟರು. ವಾಕರಿಕೆ ಬರುತ್ತಿತ್ತು. ಮೇಷ್ಟ್ರು ಆ ಕಡೆ ತಿರುಗಿದಾಗ ಪರೋಟವನ್ನು ನಾಯಿಗೆ ಹಾಕಿ, "ಚೆನ್ನಾಗಿತ್ತು" ಎಂದೆ. ಇದು ಎರಡನೆಯದು. ದೊಣ್ಣೆ ಬಾಡಿಗೆಗೆ ಕೊಡುವ ಹುಡುಗ, ನಿಧಾನ ಹತ್ತಿ, ನೀರು ಕುಡಿಯುತ್ತಿರಿ, ತಲೆ ನೋವು ಬಂದರೆ ಮೇಲೆ ಹೋಗಬೇಡಿ ಎಂದು ಹಿಂದಿಯಲ್ಲಿ ಎಚ್ಚರಿಸಿದ. ನನಗೆ ಹಿಂದಿ ಚೆನ್ನಾಗಿಯೇ ಬರುತ್ತದೆ. ಮೇಷ್ಟ್ರಿಗೆ ಅಷ್ಟಾಗಿ ಬರುವುದಿಲ್ಲ. "ಏನಂದ?" ಎಂದು ಕೇಳಿದರು. "ನಿಧಾನ ಹತ್ತಿ ಅಂದ" ಎಂದೆ. ಅದು ಸುಳ್ಳಲ್ಲ, ಆದರೆ ಮುಕ್ಕಾಲು ಭಾಗ ಬಚ್ಚಿಟ್ಟ ನಿಜ.

ದಾರಿ ಚೆಂದವಿತ್ತು. ಇಕ್ಕೆಲದಲ್ಲೂ ಬುರಾನ್ಶ್ ಮರಗಳು. ಅದು ಆ ರಾಜ್ಯದ ಮರ. ಕೆಂಪು, ಗುಲಾಬಿ ಬಣ್ಣದ ಗೊಂಚಲು ಹೂವು. ಮರಗಳು ಮುಗಿದ ಮೇಲೆ ಬೋಳು ಹುಲ್ಲುಗಾವಲು. ಒಂದು ತಿರುವಿನಲ್ಲಿ ಮೇಷ್ಟ್ರು ಗಕ್ಕನೆ ನಿಂತರು. ನೆರಳಿನ ಕಡೆಯ ಕೊರಕಲಿನಲ್ಲಿ ಎಳೆದು ಹಾಸಿದ ಧೋತರದ ಹಾಗೆ ಹಿಮ ಬಿದ್ದಿತ್ತು.

ಅವರು ದೊಣ್ಣೆ ಬಿಟ್ಟರು. ಮಂಡಿಯೂರಿ ಕೂತರು. ಕೈಗವಸು ಕಳಚಿ, ಎರಡೂ ಅಂಗೈಯಲ್ಲಿ ಹಿಮ ಎತ್ತಿಕೊಂಡು ಮಾತಿಲ್ಲದೆ ನೋಡುತ್ತಾ ಇದ್ದರು. ಬೆರಳು ಕೆಂಪಾದವು, ಆದರೂ ಬಿಡಲಿಲ್ಲ. ಆಮೇಲೆ ಜೇಬಿನಿಂದ ಬೆಲ್ಲದ ಚೂರು ತೆಗೆದು, ಹಿಮಕ್ಕೆ ಒತ್ತಿ ಬಾಯಿಗೆ ಹಾಕಿಕೊಂಡು, "ಐಸ್ ಕ್ಯಾಂಡಿ!" ಎಂದರು. ಅಲ್ಲಿಗೆ ಐವತ್ತು ವರ್ಷದ ಹಿಂದಿನ ಹುಡುಗ ವಾಪಸ್ಸು ಬಂದಿದ್ದ. ಹಿಂದೆ ಬರುತ್ತಿದ್ದ ಕಾಲೇಜು ಹುಡುಗರಿಗೆ ಅಲ್ಲೇ ಪಾಠವೂ ಶುರುವಾಯಿತು. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ಉಷ್ಣಾಂಶ ಕಡಿಮೆಯಾಗುತ್ತದೆ, ಬೀಚನಹಳ್ಳಿಗೂ ಇಲ್ಲಿಗೂ ಎಷ್ಟು ವ್ಯತ್ಯಾಸ ಹೇಳಿ ನೋಡೋಣ ಎಂದು! ಪಾಪ, ಅವರಿಗೆ ಕನ್ನಡವೂ ಬಾರದು, ಬೀಚನಹಳ್ಳಿಯೂ ಗೊತ್ತಿಲ್ಲ. ಆದರೆ ನಗುತ್ತಾ ನಮ್ಮಿಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದುಕೊಟ್ಟರು. ಗೋಡೆಯ ಮೇಲಿರುವುದು ಅದೇ.

ತುಂಗನಾಥ ತಲುಪುವ ಹೊತ್ತಿಗೆ ಹತ್ತು ಗಂಟೆ. ಚಿಕ್ಕ ಕಲ್ಲಿನ ಗುಡಿ. ಹಿಂದೆ ಹಿಮ, ಮುಂದೆ ಗಂಟೆ. ದರ್ಶನ ಮಾಡಿ ನಾನು ಕಟ್ಟೆಯ ಮೇಲೆ ಕೂತೆ. ಏಳಲು ಮನಸ್ಸೇ ಬರಲಿಲ್ಲ. "ಸಾಕಾ? ಇಲ್ಲಿಗೇ ನಿಲ್ಲಿಸೋಣ್ವಾ?" ಎಂದರು ಮೇಷ್ಟ್ರು. ಬಾಯಿಯಲ್ಲಿ ಹಾಗೆ ಹೇಳಿದರೂ ಅವರ ಕಣ್ಣು ಚಂದ್ರಶಿಲಾದ ತುದಿಯ ಮೇಲಿತ್ತು. ಮೇಲಿನಿಂದ ನಂದಾದೇವಿ, ತ್ರಿಶೂಲ, ಚೌಖಂಬಾ ಎಲ್ಲ ಸಾಲಾಗಿ ಕಾಣುತ್ತವೆ. ತಾವು ಬೋರ್ಡಿನ ಮೇಲೆ ಬರೆದ ಬೆಟ್ಟಗಳನ್ನು ಅವರು ಒಂದೇ ನೋಟದಲ್ಲಿ ನೋಡಬಹುದಿತ್ತು. "ಇಷ್ಟು ದೂರ ಬಂದು ನಿಲ್ಲಿಸೋದೇನು? ನಡಿ" ಎಂದೆ. ಇದು ಮೂರನೆಯ ಸುಳ್ಳು.

ಅಲ್ಲಿಂದ ಮುಂದೆ ಕಲ್ಲುಹಾಸು ಇಲ್ಲ. ಹಿಮದ ಮೇಲೆ ಹಿಂದಿನವರ ಹೆಜ್ಜೆಯ ಗುಳಿಯಲ್ಲಿ ಹೆಜ್ಜೆ ಇಟ್ಟು ನಡೆಯಬೇಕು. ನಾನು ಬ್ಯಾಂಕಿನ ಅಭ್ಯಾಸದಂತೆ ಹೆಜ್ಜೆ ಎಣಿಸತೊಡಗಿದೆ. ನೂರು ನೋಟಿಗೆ ಒಂದು ಕಟ್ಟು, ನೂರು ಹೆಜ್ಜೆಗೆ ಒಂದು ವಿಶ್ರಾಂತಿ. ಎರಡು ಕಟ್ಟು ಸರಿಯಾಗಿ ಬಂತು. ಮೂರನೆಯದರಲ್ಲಿ ಅರವತ್ತಾದ ಮೇಲೆ ನಲವತ್ತು ಬಂತು. ಮತ್ತೆ ಎಣಿಸಿದೆ. ಮತ್ತೆ ತಪ್ಪಿತು. ಕಾಲು ಇಟ್ಟ ಕಡೆ ಇರದೆ ಪಕ್ಕಕ್ಕೆ ಹೋಗುತ್ತಿತ್ತು. ನನಗೆ ಮಾತ್ರ ಎಲ್ಲ ಸರಿಯಾಗಿದೆ ಎಂದೇ ಅನಿಸುತ್ತಿತ್ತು.

ಮುಂದಿದ್ದ ಮೇಷ್ಟ್ರು ತಿರುಗಿ ನೋಡಿದರು. ಇಳಿದು ಹತ್ತಿರ ಬಂದು, ನನ್ನ ಎರಡೂ ಭುಜ ಹಿಡಿದುಕೊಂಡು, "ಹದಿನೇಳೆಂಟ್ಲೆ ಎಷ್ಟು?" ಎಂದು ಕೇಳಿದರು.

ಮೂವತ್ತಾರು ವರ್ಷ ಕ್ಯಾಲ್ಕುಲೇಟರ್ ಮುಟ್ಟದೆ ಬಡ್ಡಿ ಲೆಕ್ಕ ಹಾಕಿದವನು ನಾನು. "ನೂರ ಹದಿನಾರು" ಎಂದೆ. ಅವರು ಸುಮ್ಮನೆ ನೋಡುತ್ತಿದ್ದರು. "ಅಲ್ಲ, ತೊಂಬತ್ತೆಂಟು" ಎಂದೆ.

ಮೇಷ್ಟ್ರು ಒಂದು ಸಲ ತಲೆಯೆತ್ತಿ ಮೇಲೆ ನೋಡಿದರು. ತುದಿಯ ಪುಟ್ಟ ಗುಡಿ, ಅದರ ಸುತ್ತ ನಿಂತಿದ್ದ ಜನ, ಎಲ್ಲ ಕಾಣುತ್ತಿತ್ತು. ಹೆಚ್ಚೆಂದರೆ ಇನ್ನು ಅರ್ಧ ಗಂಟೆಯ ದಾರಿ. ಆಮೇಲೆ, "ಇಳಿಯೋಣ" ಎಂದರು.

"ನೀನು ಹೋಗಿ ಬಾ, ನಾನಿಲ್ಲೇ ಕೂತಿರ್ತೀನಿ."

"ಪ್ರವಾಸಕ್ಕೆ ಮೂವತ್ತನಾಲ್ಕು ವರ್ಷ ಮಕ್ಕಳನ್ನ ಕರ್ಕೊಂಡು ಹೋಗಿದೀನಿ. ಎಷ್ಟು ತಲೆ ಎಣಿಸಿಕೊಂಡು ಹೋದೆನೋ ಅಷ್ಟು ತಲೆ ವಾಪಸ್ಸು ತಂದಿದೀನಿ. ಏಳು."

ತಮ್ಮ ಮಫ್ಲರಿನ ಒಂದು ತುದಿಯನ್ನು ನನ್ನ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ತಮ್ಮ ಕೈಗೆ ಸುತ್ತಿಕೊಂಡರು. ಬಿಸಿಲಿಗೆ ಹಿಮ ಮೆತ್ತಗಾಗಿ ಜಾರುತ್ತಿತ್ತು. ಎರಡು ಸಲ ನಾನು ಕುಕ್ಕರಿಸಿ ಬಿದ್ದೆ. ಎರಡು ಸಲವೂ ಅವರು ಹಿಮ್ಮಡಿ ಊರಿ, ಹೋರಿ ಹಿಡಿದ ಹಾಗೆ ಹಿಡಿದು ನಿಲ್ಲಿಸಿದರು. ತುಂಗನಾಥದಲ್ಲೂ ನಿಲ್ಲಲು ಬಿಡಲಿಲ್ಲ. ಕೆಳಗೆ, ಕೆಳಗೆ, ಇನ್ನೂ ಕೆಳಗೆ. ದಾರಿಯುದ್ದಕ್ಕೂ ಒಂದೇ ಪ್ರಶ್ನೆ: "ಹದಿನೇಳೆಂಟ್ಲೆ?" ನಾನು ಏನೇನೋ ಹೇಳುತ್ತಿದ್ದೆನಂತೆ. ಚೋಪ್ತಾಕ್ಕೆ ಬಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಬಹಳ ಹೊತ್ತಾದ ಮೇಲೆ, ಯಾರೂ ಕೇಳದೆಯೇ ನನ್ನ ಬಾಯಿಂದ, "ನೂರ ಮೂವತ್ತಾರು" ಎಂದು ಬಂತು. ಮೇಷ್ಟ್ರು, "ಪಾಸು" ಎಂದರು. ಅಷ್ಟೇ. ಎದ್ದು ಆ ಕಡೆ ಹೋಗಿ ಮುಖ ತೊಳೆದುಕೊಂಡು ಬಂದರು.

ಅವತ್ತೇ ಸಂಜೆ ಜೀಪಿನಲ್ಲಿ ಊಖೀಮಠಕ್ಕೆ ಇಳಿದು ಡಾಕ್ಟರನ್ನು ಕಂಡೆವು. ಅವರು ಬಿಡಿಸಿ ಹೇಳಿದರು. ಬೆಟ್ಟದ ಮೇಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಇಲ್ಲಿಯಷ್ಟೇ, ನೂರಕ್ಕೆ ಇಪ್ಪತ್ತೊಂದು. ಆದರೆ ಗಾಳಿಯೇ ತೆಳುವಾಗುತ್ತದೆ. 13,000 ಅಡಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಐದರಲ್ಲಿ ಮೂರು ಪಾಲು ಮಾತ್ರ. ದೇಹ ಅದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ದಿನಗಳು ಬೇಕು. ನಾವು ಒಂದೇ ಹಗಲಿನಲ್ಲಿ ಏಳು ಸಾವಿರ ಅಡಿಗೂ ಹೆಚ್ಚು ಏರಿ, ಮಾರನೆಯ ದಿನವೇ ಮತ್ತೆ ನಾಲ್ಕು ಸಾವಿರ ಅಡಿ ಹತ್ತಲು ಹೊರಟಿದ್ದೆವು. ತಲೆನೋವು, ವಾಕರಿಕೆ ಮೊದಲ ಎಚ್ಚರಿಕೆ. ಮಾತು ತಪ್ಪುವುದು, ಹೆಜ್ಜೆ ತಪ್ಪುವುದು ಅಪಾಯದ ಗಂಟೆ. ಮಿದುಳಿಗೆ ನೀರು ತುಂಬಿ ಪ್ರಾಣ ಹೋಗುವುದೂ ಉಂಟು. ಆಗ ಮಾಡಬೇಕಾದ ಮೊದಲ ಕೆಲಸ ತಡ ಮಾಡದೆ ಕೆಳಗೆ ಇಳಿಯುವುದು.

ಎಲ್ಲ ಹೇಳಿ ಅವರು ಕೇಳಿದರು: "ತಲೆನೋವು ಯಾವಾಗ ಶುರುವಾಯಿತು?"

ಮೇಷ್ಟ್ರು ಪಕ್ಕದಲ್ಲೇ ಇದ್ದರು. "ನಿನ್ನೆ ರಾತ್ರಿ" ಎಂದೆ. ಅಷ್ಟು ಹಿಂದಿ ಮೇಷ್ಟ್ರಿಗೆ ಅರ್ಥವಾಗುತ್ತದೆ.

ರಾತ್ರಿ ಕೋಣೆಯಲ್ಲಿ ದೀಪ ಆರಿಸಿದ ಮೇಲೆ ನಾನೇ ಬಾಯಿ ಬಿಟ್ಟೆ. ಪರೋಟ, ನಾಯಿ, ದೊಣ್ಣೆ ಹುಡುಗನ ಮಾತು, ಯಾವುದನ್ನೂ ಬಿಡದೆ ಒಪ್ಪಿಸಿದೆ. "ನಿನ್ನ ಐವತ್ತು ವರ್ಷದ ಆಸೆ, ನನ್ನಿಂದ ಕೆಡಬಾರದು ಅಂತ ಹೇಳಲಿಲ್ಲ" ಎಂದೆ. ಬಹಳ ಹೊತ್ತು ಉತ್ತರ ಬರಲಿಲ್ಲ. ನಿದ್ದೆ ಹೋದರೇನೋ ಎಂದುಕೊಂಡೆ. ಆಮೇಲೆ ಕತ್ತಲಿನಿಂದ, "ಹೇಳಿದ್ರೆ ಚೋಪ್ತಾದಲ್ಲೇ ಒಂದಿನ ಉಳ್ಕೋತಿದ್ವಿ. ಮಾರನೇ ದಿನ ಇಬ್ರೂ ಹತ್ತಬಹುದಾಗಿತ್ತೋ ಏನೋ" ಎಂದರು. ಇಡೀ ಪ್ರವಾಸದಲ್ಲಿ ಅವರು ನನಗೆ ಅಂದದ್ದು ಅಷ್ಟೇ ಮಾತು.

ಬ್ಯಾಂಕಿನಲ್ಲಿ ಸಂಜೆ ಕ್ಯಾಷ್ ಲೆಕ್ಕಕ್ಕೆ ಒಂದು ರೂಪಾಯಿ ಕಡಿಮೆ ಬಂದರೂ ನಾವು ಮನೆಗೆ ಹೋಗುತ್ತಿರಲಿಲ್ಲ. ಎಲ್ಲೋ ಒಂದು ವೋಚರು ಕೈತಪ್ಪಿರುತ್ತದೆ, ಹುಡುಕಿ ತೆಗೆಯುವವರೆಗೂ ಇಡೀ ಶಾಖೆ ಕೂತಿರಬೇಕು. ಹೊಸಬ ಹುಡುಗರಿಗೆ ನಾನೇ ಹೇಳುತ್ತಿದ್ದೆ: "ತಪ್ಪಾದ್ರೆ ಮುಚ್ಚಿಡಬೇಡಿ. ಬೆಳಿಗ್ಗೆ ಹೇಳಿದ್ರೆ ಐದು ನಿಮಿಷದ ಕೆಲಸ, ಸಂಜೆ ಹೇಳಿದ್ರೆ ಎಲ್ಲರ ಬಸ್ಸೂ ತಪ್ಪುತ್ತೆ." ಬೇರೆಯವರಿಗೆ ಹೇಳುವುದು ಸುಲಭ.

ರೈಲು ಟಿಕೆಟ್ ಮೊದಲೇ ಆಗಿತ್ತು. ವಾಪಸ್ಸು ಬಂದೆವು. ಮುಂದಿನ ವರ್ಷ ಮತ್ತೆ ಹೋಗೋಣ ಎಂದುಕೊಂಡೆವು. ಆ ಮುಂದಿನ ವರ್ಷ ಮೇಷ್ಟ್ರ ಬಲಮಂಡಿ ಊದಿಕೊಂಡಿತು. ಈಗ ಅವರು ಕೋಲು ಹಿಡಿದು ನಡೆಯುತ್ತಾರೆ. ನಾಲೆ ಏರಿಯ ಮೇಲೆ ಒಂದು ಕಿಲೋಮೀಟರ್ ಹೋಗಿ ಬಂದರೆ ಹೆಚ್ಚು.

ಇಷ್ಟನ್ನೂ ಕೇಳಿದ ಮೊಮ್ಮಗಳು, "ಹಾಗಾದ್ರೆ ಮೇಷ್ಟ್ರು ತಾತಂಗೆ ಬೇಜಾರಿಲ್ವಾ?" ಎಂದಳು. ಇಷ್ಟು ವರ್ಷವಾದರೂ ನಾನು ಅದನ್ನು ಕೇಳಿರಲೇ ಇಲ್ಲ. ಕೇಳಲು ಧೈರ್ಯವಿರಲಿಲ್ಲ. ಮಾರನೆಯ ದಿನ ಏರಿಯ ಮೇಲೆ ನಡೆಯುವಾಗ, ಅವಳು ನಮ್ಮಿಬ್ಬರ ಮುಂದೆ ಓಡುತ್ತಿದ್ದಾಗ, ಕೇಳಿಯೇ ಬಿಟ್ಟೆ: "ತುದಿಗೆ ಹೋಗಲಿಲ್ಲ ಅಂತ ಬೇಜಾರಿದೆಯೇನಯ್ಯಾ?"

ಮೇಷ್ಟ್ರು ನಿಂತು, ಕೋಲು ಊರಿಕೊಂಡು, ನೀರಿನ ಕಡೆ ನೋಡಿದರು.

"ಇದೆ. ಇಲ್ಲ ಅಂದ್ರೆ ಅದೂ ಒಂದು ಸುಳ್ಳಾಗುತ್ತೆ. ಸುಳ್ಳು ಹೇಳೋ ಕೆಲಸ ನಿಂದು, ನಂದಲ್ಲ" ಎಂದು ನಕ್ಕರು. ಸ್ವಲ್ಪ ದೂರ ನಡೆದ ಮೇಲೆ, "ಆದ್ರೆ ಅವತ್ತು ಒಬ್ಬನೇ ಊರಿಗೆ ಬಂದಿದ್ರೆ, ನಿಮ್ಮನೆ ಬಾಗಿಲಲ್ಲಿ ನಿಂತು ಏನಂತ ಹೇಳಲಿ ಅನ್ನೋದು ನಂಗೆ ಇವತ್ತಿಗೂ ಹೊಳೆದಿಲ್ಲ" ಎಂದರು.

ನನಗೂ ಹೇಳಲು ಏನೂ ಹೊಳೆಯಲಿಲ್ಲ. ಅವರ ಕೈ ಹಿಡಿದುಕೊಂಡು ನಡೆದೆ.

ಮಕ್ಕಳೇ, ಶಾಲೆಯ ಪ್ರವಾಸಕ್ಕೋ ಬೆಟ್ಟಕ್ಕೋ ಹೋದಾಗ ತಲೆ ನೋಯುತ್ತಿದ್ದರೆ, ಹೊಟ್ಟೆ ತೊಳಸುತ್ತಿದ್ದರೆ ಜೊತೆಯವರಿಗೆ ಹೇಳಿಬಿಡಿ. ನಿಮ್ಮಿಂದ ಅವರ ಖುಷಿ ಕೆಡುತ್ತದೆ ಎಂದುಕೊಳ್ಳಬೇಡಿ. ಅಜ್ಜ ಅಜ್ಜಿಯರೇ, ಈ ಮಾತು ನಮಗೂ ಸೇರಿದ್ದು. ನಮ್ಮ ವಯಸ್ಸಿನಲ್ಲಿ "ಏನಿಲ್ಲ, ಚೆನ್ನಾಗಿದೀನಿ" ಎನ್ನುವುದು ಬಾಯಿಗೆ ಅಂಟಿಕೊಂಡ ಅಭ್ಯಾಸ.

ಮೊಮ್ಮಗಳು ಊರಿಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ತಾತ, ಹದಿನೇಳೆಂಟ್ಲೆ?" ಎಂದು ಕೂಗಿದಳು.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಮೇಷ್ಟ್ರು, "ನೂರ ಮೂವತ್ತಾರು!" ಎಂದು ಕೂಗಿಬಿಟ್ಟರು.